ಬೆಟ್ಟವೇ ಗೋಪುರವಾಗಿರುವಲ್ಲಿ

ಗಂಗಾವತಿ ತಾಲ್ಲೂಕಿನ ಅಂಜನಾದ್ರಿಯ 575 ಮೆಟ್ಟಿಲು ಹತ್ತಿದರೆ ತುಂಗಭದ್ರೆ, ಭತ್ತದ ಗದ್ದೆ, ಆಚೆ ದಡದ ಹಂಪಿ ಒಂದೇ ನೋಟಕ್ಕೆ ಸಿಗುತ್ತವೆ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಬಿರುಕುಬಿಟ್ಟು, ಅಂಚು ಸವೆದು, ಸುತ್ತಲಿನ ಮಣ್ಣು ಕೊಚ್ಚಿಹೋಗಿ ಗುಂಡುಗಳಾಗಿ ಉಳಿದ ನೆಲವಿದು. ಇಲ್ಲಿ ವೀಕ್ಷಣಾ ಗೋಪುರ ಕಟ್ಟಹೊರಟವರು ಅಲ್ಲಿಂದ ಏನು ಕಾಣುತ್ತದೆ ಎಂದಷ್ಟೇ ಕೇಳಿದರೆ ಸಾಲದು. ಗೋಪುರ ಎಲ್ಲೆಲ್ಲಿಂದ ಕಣ್ಣಿಗೆ ಚುಚ್ಚುತ್ತದೆ ಎಂದೂ ಕೇಳಬೇಕು. ಈ ಪಾಠಕ್ಕೆ ನಾವು ಈಗಾಗಲೇ ಬೆಲೆ ತೆತ್ತಿದ್ದೇವೆ. ಆನೆಗೊಂದಿ ಕಡೆಯ ಸೇತುವೆ ಕಾಮಗಾರಿಗಳಿಂದಾಗಿ 1999ರಲ್ಲಿ ಹಂಪಿ ಯುನೆಸ್ಕೊದ ‘ಅಪಾಯದಲ್ಲಿರುವ ವಿಶ್ವ ಪರಂಪರೆ’ ಪಟ್ಟಿ ಸೇರಿ, 2006ರವರೆಗೂ ಅಲ್ಲೇ ಉಳಿಯಿತು. ಆನೆಗೊಂದಿ ಸೇತುವೆಯೋ, 2009ರಲ್ಲಿ ಕಟ್ಟುತ್ತಿರುವಾಗಲೇ ಕುಸಿಯಿತು.

ಮೆಟ್ಟಿಲು ಹತ್ತಲಾಗದ ಹಿರಿಯರು, ಅಂಗವಿಕಲರು ಈ ನೋಟ ಕಾಣುವುದೇ ಬೇಡವೇ ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಉತ್ತರ ಶಿಖರದ ಮೇಲಿನ ಕಾಂಕ್ರೀಟ್ ಕಂಬವಲ್ಲ. ರಸ್ತೆಬದಿಯ ದಿಣ್ಣೆಯಲ್ಲಿ, ಗುಂಡುಗಳ ಎತ್ತರ ಮೀರದ, ಗಾಲಿಕುರ್ಚಿ ಏರುವಂಥ ಇಳಿಜಾರು ದಾರಿಯ ನೆರಳುಕಟ್ಟೆ. ಗೋಪುರ ಬಂದರೆ ಊರಿಗೆ ದುಡಿಮೆ ಎನ್ನುವವರೂ ಇದ್ದಾರೆ. ಆದರೆ ಇದೇ ತಾಲ್ಲೂಕಿನ ಹಿರೇಬೆಣಕಲ್ ಬೆಟ್ಟದ ಶಿಲಾಸಮಾಧಿಗಳು 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದ್ದು ಯಾವ ಗೋಪುರದ ಬಲದಿಂದಲೂ ಅಲ್ಲ. ಪ್ರವಾಸಿ ಬರುವುದು ಬಂಡೆ ನೋಡಲು. ಅದನ್ನೇ ಮರೆಮಾಡಿದರೆ ದುಡಿಮೆಯ ಬೇರಿಗೇ ಕೊಡಲಿ.