ಬಣ್ಣದ ನಕ್ಷೆಯೂ ನಮ್ಮ ಬೆಟ್ಟವೂ

ಬಂಡೆಯ ಮೇಲೆ ಬಿಸಿಲು ಬಿದ್ದಾಗ ಪ್ರತಿಯೊಂದು ಖನಿಜವೂ ಬೆಳಕಿನ ಕೆಲವು ತರಂಗಗಳನ್ನು ಹೀರಿ ಉಳಿದವನ್ನು ಹಿಂದಿರುಗಿಸುತ್ತದೆ. ಸುಣ್ಣಕಲ್ಲು 2.3 ಮೈಕ್ರೋಮೀಟರಿನ ಆಸುಪಾಸಿನಲ್ಲಿ, ಜೇಡಿ ಖನಿಜಗಳು 2.2ರ ಬಳಿ, ಕಬ್ಬಿಣದ ಆಕ್ಸೈಡುಗಳು 0.9ರ ಸುಮಾರಿನಲ್ಲಿ ಬೆಳಕನ್ನು ಹೀರುತ್ತವೆ. ಈ ಗುರುತುಗಳನ್ನು ಓದಿಯೇ ವಿಜ್ಞಾನಿಗಳು ಉಪಗ್ರಹ ಚಿತ್ರಗಳಿಂದ ಖನಿಜನಕ್ಷೆ ರಚಿಸುತ್ತಾರೆ. 1999ರಲ್ಲಿ ಟೆರ್ರಾ ಉಪಗ್ರಹದೊಡನೆ ಹಾರಿದ ಆಸ್ಟರ್ ಉಪಕರಣದ ಹ್ರಸ್ವ ಅವಗೆಂಪು ಭಾಗ 2008ರಲ್ಲಿ ಕೆಟ್ಟಿತು. ಆದರೂ ಅದು ಅಲ್ಲಿಯವರೆಗೆ ತೆಗೆದ ಚಿತ್ರಗಳು ಇಂದಿಗೂ ಇದಕ್ಕೆ ಬಳಕೆಯಾಗುತ್ತಿವೆ.

ಸೇಡಂ, ಚಿತ್ತಾಪುರ, ಶಹಾಬಾದ್‌ಗಳ ಸುಣ್ಣಕಲ್ಲು ಪುರಾತನ ಕಡಲಿನ ತಳದಲ್ಲಿ ಪದರಪದರವಾಗಿ ಶೇಖರಗೊಂಡದ್ದು. ಬಾಗಲಕೋಟೆಯ ಕಡೆಯ ಕಲಾದಗಿ ಶಿಲೆಗಳೂ ಸಂಚಿತ ಶಿಲೆಗಳೇ. ಮರಗಳು ವಿರಳವಾದ ಆ ಬಯಲುಸೀಮೆಯಲ್ಲಿ ಕಲ್ಲು ತೆರೆದಿರುವಲ್ಲಿ ಆಗಸದ ಕಣ್ಣಿಗೆ ಅದು ಸ್ಪಷ್ಟ.

ನಿಟ್ಟೂರಿನ ಸುತ್ತಲ ನಮ್ಮ ಕಾಡಿನಲ್ಲಿ ಹಾಗಲ್ಲ. ಇಲ್ಲಿಂದ ಉಪಗ್ರಹಕ್ಕೆ ಮರಳುವುದು ಎಲೆಯ ಬೆಳಕು, ಕಲ್ಲಿನದಲ್ಲ. ಕಾಡು ಬಿಟ್ಟುಕೊಟ್ಟಲ್ಲಿ ಜಂಬಿಟ್ಟಿಗೆಯ ಹೊದಿಕೆಯೇ ಕಬ್ಬಿಣದ ಗುರುತು ತೋರುತ್ತದೆ. ಕೆಳಗೆ ಅದಿರಿದೆಯೇ, ಎಷ್ಟು ಆಳ, ಎಷ್ಟು ಸತ್ವ ಎಂಬುದನ್ನು ಅದು ಹೇಳದು. ಈ ಬಗೆಯ ಚಿತ್ರ ನೆಲದ ಮೇಲ್ಪದರವನ್ನಷ್ಟೇ ಬಲ್ಲದು. ಆದ್ದರಿಂದ ನಕ್ಷೆಯ ಕೆಂಪು ಮಚ್ಚೆಯೊಂದು ಗಣಿಗೆ ಪರವಾನಗಿಯಾಗಲಾರದು. ಖಾಲಿ ಬಿಟ್ಟ ಜಾಗ ಬರಡು ಭೂಮಿಯೂ ಅಲ್ಲ. ಆ ಖಾಲಿಯಲ್ಲೇ ನಮ್ಮ ಅಬ್ಬಿಯ ನೀರು, ಸೊಪ್ಪಿನ ಬೆಟ್ಟ, ತೋಟದ ತೇವ ಅಡಗಿವೆ.

ಹಾಗೆಂದು ಉಪಗ್ರಹವನ್ನು ಶತ್ರುವೆಂದು ಬಗೆಯಬೇಕಿಲ್ಲ. 2011ರಲ್ಲಿ ಬಳ್ಳಾರಿಯ ಗಣಿಗಳು ಗಡಿ ಮೀರಿದ್ದನ್ನು ಸುಪ್ರೀಂ ಕೋರ್ಟಿನ ಮುಂದಿಡಲು ನೆಲದ ಅಳತೆಯೊಡನೆ ಉಪಗ್ರಹ ಚಿತ್ರಗಳೂ ನೆರವಾದವು. ಅದಿರನ್ನು ಹುಡುಕುವ ಕಣ್ಣೇ ಅಗೆದ ಗಾಯವನ್ನೂ ಕಾಣಬಲ್ಲದು. ಕುದುರೆಮುಖದಲ್ಲಿ 2005ರ ಕೊನೆಯಲ್ಲಿ ಗಣಿಗಾರಿಕೆ ನಿಂತಿತು. ಅಲ್ಲಿ ಹಸಿರು ಎಷ್ಟು ಮರಳಿದೆಯೆಂಬುದನ್ನು ವರ್ಷವರ್ಷವೂ ಅಳೆಯಲು ಇಂಥ ಚಿತ್ರಗಳೇ ಸಾಧನ.

ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಉಚಿತ. ನಮ್ಮ ವಿದ್ಯಾರ್ಥಿಗಳು ಅವನ್ನು ಓದಲು ಕಲಿಯಲಿ. ನಾಳೆ ಖನಿಜನಕ್ಷೆಯೊಂದು ಗ್ರಾಮಸಭೆಗೆ ಬಂದರೆ ಮೂರು ಪ್ರಶ್ನೆ ಕೇಳೋಣ: ಚಿತ್ರ ಯಾವ ತಿಂಗಳಿನದು? ನೆಲದ ಮೇಲೆ ನಡೆದು ಎಲ್ಲೆಲ್ಲಿ ತಾಳೆ ನೋಡಲಾಗಿದೆ? ಇದೇ ಹಾಳೆಯ ಮೇಲೆ ನಮ್ಮ ಹಳ್ಳಗಳನ್ನು ಏಕೆ ಬರೆದಿಲ್ಲ? ಉತ್ತರ ದೊರೆಯುವವರೆಗೆ ಒಪ್ಪಿಗೆಯ ಸಹಿ ಕಾಯಬಹುದು.