ಉದ್ದ ಪದಕ್ಕೆ ಹೆದರಬೇಡಿ, ಬೆಸುಗೆ ಹುಡುಕಿ

ಮಕ್ಕಳೇ, ‘ಡೋನೌಡಾಂಪ್ಫ್‌ಷಿಫ್‌ಫಾರ್ಟ್ಸ್‌ಗೆಜೆಲ್‌ಷಾಫ್ಟ್’ ಎಂದು ಒಂದೇ ಉಸಿರಿಗೆ ಹೇಳಿ ನೋಡೋಣ. ನಾಲಿಗೆ ತೊಡರಿತೇ? ಇದು ಜರ್ಮನ್ ಭಾಷೆಯ ಒಂದೇ ಒಂದು ಪದ. ಅವರ ಲಿಪಿಯಲ್ಲಿ 34 ಅಕ್ಷರ!

ಬ್ಯಾಂಕಿನಲ್ಲಿದ್ದಾಗ ಉದ್ದನೆಯ ಮೊತ್ತ ಬಂದರೆ ನಾವು ಮೊದಲು ಅಲ್ಪವಿರಾಮ ಹಾಕಿ ಸಾವಿರ, ಲಕ್ಷ ಎಂದು ಬಿಡಿಸಿಕೊಳ್ಳುತ್ತಿದ್ದೆವು. ಈ ಪದಕ್ಕೂ ಅದೇ ಮದ್ದು. ಡೋನೌ ಎಂದರೆ ಡ್ಯಾನ್ಯೂಬ್ ನದಿ, ಡಾಂಪ್ಫ್ ಹಬೆ, ಷಿಫ್ ಹಡಗು, ಫಾರ್ಟ್ ಪಯಣ, ಗೆಜೆಲ್‌ಷಾಫ್ಟ್ ಕಂಪನಿ. ನಡುವೆ ಬಂದ ‘ಸ್’ ಬರೀ ಬೆಸುಗೆ. 1829ರಲ್ಲಿ ವಿಯೆನ್ನಾದಲ್ಲಿ ಶುರುವಾದ ಹಡಗು ಕಂಪನಿಯೊಂದರ ಹೆಸರಿನಲ್ಲೇ ಈ ಪದವಿತ್ತು.

ನೀವು ಶಾಲೆಯಲ್ಲಿ ಓದುವ ತತ್ಪುರುಷ ಸಮಾಸವನ್ನು ನೆನಪಿಸಿಕೊಳ್ಳಿ. ‘ಬೆಟ್ಟದಾವರೆ’ಯಲ್ಲಿ ಕೊನೆಯ ‘ತಾವರೆ’ಯೇ ಮುಖ್ಯ. ಜರ್ಮನ್‌ನಲ್ಲೂ ಕೊನೆಯ ಪದವೇ ಯಜಮಾನ. ಆದರೆ ನಮ್ಮಲ್ಲಿ ‘ತ’ ಹೋಗಿ ‘ದ’ ಬಂದಂತೆ ಅಲ್ಲಿ ಆಗುವುದಿಲ್ಲ. ಷಿಫ್‌ನ ಕೊನೆಯಲ್ಲಿ ಎರಡು ‘ಫ್’, ಫಾರ್ಟ್‌ನ ಮೊದಲಲ್ಲಿ ಒಂದು. ಹಿಂದೆ ಒಂದನ್ನು ಬಿಟ್ಟು ಬರೆಯುತ್ತಿದ್ದರು. 1996ರ ಕಾಗುಣಿತ ಸುಧಾರಣೆಯಿಂದ ಮೂರನ್ನೂ ಬರೆಯುತ್ತಾರೆ. ಬೆಸುಗೆ ಕಣ್ಣಿಗೆ ಕಾಣುತ್ತದೆ.

ಬೆಸುಗೆ ತಪ್ಪಿದರೆ ಅರ್ಥವೂ ತಪ್ಪುತ್ತದೆ. ‘ಷ್ಟೌ–ಬೆಕೆನ್’ ಎಂದು ಬಿಡಿಸಿದರೆ ನೀರು ನಿಲ್ಲಿಸುವ ಜಲಾಶಯ. ಅದೇ ಅಕ್ಷರಗಳನ್ನು ‘ಷ್ಟೌಪ್–ಎಕೆನ್’ ಎಂದು ಬಿಡಿಸಿದರೆ ಧೂಳು ತುಂಬಿದ ಮೂಲೆಗಳು! ಪದದ ಕೊನೆಗೆ ಬಂದ ‘ಬ್’ ಅವರ ಬಾಯಲ್ಲಿ ‘ಪ್’ ಆಗುತ್ತದೆ. ಹಾಗಾಗಿ ಎಲ್ಲಿ ನಿಲ್ಲುತ್ತೀರಿ ಎಂಬುದರ ಮೇಲೆ ಉಚ್ಚಾರವೂ ಬದಲಾಗುತ್ತದೆ.

ಜರ್ಮನಿಯಲ್ಲಿರುವ ಮಕ್ಕಳ ಮನೆಗೆ ಹೊರಟ ಅಜ್ಜ-ಅಜ್ಜಿಯರೇ, ಇದು ನಿಮಗೂ ಬೇಕು. ಅಲ್ಲಿನ ಕಟ್ಟಡಗಳಲ್ಲಿ ‘ನೋಟ್‌ಔಸ್‌ಗಾಂಗ್’ ಎಂಬ ಫಲಕ ಕಾಣುತ್ತದೆ. ಮೊದಲ ಮೂರು ಅಕ್ಷರ ನೋಡಿ ಇಂಗ್ಲಿಷಿನ ‘ನಾಟ್’ ಎಂದುಕೊಂಡು, ಇಲ್ಲಿ ದಾರಿಯಿಲ್ಲ ಎಂದು ಹಿಂದೆ ಸರಿಯಬೇಡಿ. ‘ನೋಟ್’ ಎಂದರೆ ಆಪತ್ತು, ‘ಔಸ್‌ಗಾಂಗ್’ ಎಂದರೆ ಹೊರಬಾಗಿಲು. ಬೆಂಕಿ ಬಿದ್ದರೆ ಓಡಬೇಕಾದದ್ದು ಅತ್ತಲೇ. ಓದುವಾಗ ‘ನೋ–ಟೌಸ್’ ಎಂದು ಎಳೆಯದೆ, ‘ನೋಟ್’ ಎಂದು ಚೂರು ನಿಂತು ‘ಔಸ್’ ಎನ್ನಿ.

ಇಷ್ಟೇ ಸೂತ್ರ: ಮೊದಲು ಬೆಸುಗೆ ಹುಡುಕಿ. ಯಾವ ವಸ್ತು ಎಂಬುದನ್ನು ಕೊನೆಯ ಪದದಲ್ಲಿ ನೋಡಿ. ಓದುವಾಗ ಸಾಮಾನ್ಯವಾಗಿ ಮೊದಲ ಪದವನ್ನು ಒತ್ತಿ ಹೇಳಿ.

ಈ ವಾರದ ಒಗಟು: ‘ಫಿಂಗರ್’ ಎಂದರೆ ಬೆರಳು, ‘ಹೂಟ್’ ಎಂದರೆ ಟೋಪಿ. ಹಾಗಾದರೆ ‘ಫಿಂಗರ್‌ಹೂಟ್’ ಏನು? ಗೊತ್ತಾಗದಿದ್ದರೆ ಸೂಜಿ-ದಾರ ಹಿಡಿದು ಕೂತ ಅಜ್ಜಿಯನ್ನು ಕೇಳಿ.