ಹಲ್ಲಿಯ ಶಕುನವೂ ಅಣಕು ಹಂಚಿಕೆಯೂ

ಪ್ರತಿ ವರ್ಷ ಮುಂಗಾರು ಹಿಡಿದುಕೊಳ್ಳುವ ಹೊತ್ತಿಗೆ ನಮ್ಮ ಮನೆಯ ದೂರವಾಣಿಗೂ ಒಂದು ಬಗೆಯ ಜ್ವರ ಹಿಡಿಯುತ್ತದೆ. ಕರೆಯುವವರು ನನ್ನ ಹಳೆಯ ವಿದ್ಯಾರ್ಥಿಗಳು, ಇಲ್ಲವೇ ನೆಂಟರು. ಅವರ ಮಕ್ಕಳು ಈಗ ದ್ವಿತೀಯ ಪಿಯುಸಿ ಮುಗಿಸಿ, ಸಿಇಟಿ ಬರೆದು ಕುಳಿತಿದ್ದಾರೆ. ಕುಶಲಪ್ರಶ್ನೆ ಮುಗಿಯುವ ಮುನ್ನವೇ ವಿಷಯ ಬರುತ್ತದೆ: "ಸಾರ್, ಅಣಕು ಹಂಚಿಕೆಯಲ್ಲಿ ಇಂಥ ಕಾಲೇಜು ತೋರಿಸುತ್ತಿದೆ. ಇದೇ ಗಟ್ಟಿಯಾದಂತೆಯೇ? ಮೇಲಿನದನ್ನೆಲ್ಲ ತೆಗೆದುಬಿಡೋಣವೇ?"

ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸಿ ನನಗೆ ದಣಿವಾಗಿದೆ. ಆದಕಾರಣ ಈ ಸಲ ಎಲ್ಲರಿಗೂ ಕೂಡಿಯೇ ಬರೆಯುತ್ತಿದ್ದೇನೆ. ಮಾತು ಅಲ್ಲಲ್ಲಿ ಖಾರವಾದರೆ ಗಣಿತದ ಮೇಷ್ಟರ ಹಳೆಯ ಚಾಳಿಯೆಂದು ಸಹಿಸಿಕೊಳ್ಳಿರಿ. ನಾನು ಹೇಳಬೇಕಾದುದು ಇಷ್ಟು: ಅಣಕು ಹಂಚಿಕೆಯನ್ನು ಭವಿಷ್ಯವಾಣಿಯೆಂದು ಓದಿ, ಹೆದರಿ, ಮಗು ತನ್ನ ಕೈಯಾರೆ ಬರೆದ ಪಟ್ಟಿಯನ್ನು ಹಿರಿಯರು ಕತ್ತರಿಸುವುದು ಆ ಮಗುವಿಗೆ ಮಾಡುವ ಅನ್ಯಾಯ. ಈ ಅನ್ಯಾಯ ನಮ್ಮ ಶಿವಮೊಗ್ಗ, ಭದ್ರಾವತಿಗಳ ಒಳ್ಳೆಯ ಮನೆಗಳಲ್ಲಿ, ಒಳ್ಳೆಯ ತಂದೆತಾಯಿಗಳಿಂದಲೇ ನಡೆಯುತ್ತಿದೆ.

ದೂರದೇಶದಲ್ಲಿರುವ ನೆಂಟರಿಗಾಗಿ ಎರಡು ಮಾತು. ಏಪ್ರಿಲ್‌ನಲ್ಲಿ ಪರೀಕ್ಷೆ, ಮೇ ಕೊನೆಗೋ ಜೂನ್ ಆರಂಭಕ್ಕೋ ರ‍್ಯಾಂಕ್. ಎಂಜಿನಿಯರಿಂಗ್‌ಗಾದರೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಂಕಕ್ಕೆ ಅರ್ಧ ತೂಕ, 180 ಅಂಕಗಳ ಸಿಇಟಿಗೆ ಇನ್ನರ್ಧ. ಅನಂತರ ಮಕ್ಕಳು ತಮಗೆ ಬೇಕಾದ ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ದಾಖಲಿಸುತ್ತಾರೆ. ನಿಜವಾದ ಹಂಚಿಕೆಗೆ ಮುನ್ನ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಒಂದು ತಾಲೀಮು ನಡೆಸಿ, "ಈ ಹೊತ್ತಿನ ಪಟ್ಟಿಗಳಂತೆ ಹಂಚಿದ್ದರೆ ನಿಮಗೆ ಇದು ಬರುತ್ತಿತ್ತು" ಎಂದು ತೋರಿಸುತ್ತದೆ. ಅದೇ ಅಣಕು ಹಂಚಿಕೆ. ಅದನ್ನು ನೋಡಿ ಪಟ್ಟಿಯನ್ನು ತಿದ್ದಲು ಕೆಲವು ದಿನಗಳ ಅವಕಾಶವಿರುತ್ತದೆ. ಅನಾಹುತವೆಲ್ಲ ಆ ಕೆಲವು ದಿನಗಳಲ್ಲೇ ಆಗುವುದು.

ಅಣಕು ಎಂಬ ಪದವನ್ನು ಆರಿಸಿದವರು ಯಾರೋ, ಬಲ್ಲವರೇ ಇರಬೇಕು. ಅಣಕವೆಂದರೆ ನಿಜವಲ್ಲದ್ದು ನಿಜದಂತೆ ನಟಿಸುವುದು; ಗೇಲಿ ಮಾಡುವುದು ಎಂದೂ ಅರ್ಥವುಂಟು. ನಮ್ಮ ಜನ ಮಾತ್ರ ಅದನ್ನು ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದಂತೆ ಕೇಳಿಸಿಕೊಳ್ಳುತ್ತಾರೆ. ಲೊಚಗುಟ್ಟಿದೊಡನೆ ನೆಲ ತಟ್ಟಿ "ಕೃಷ್ಣ ಕೃಷ್ಣ" ಎನ್ನುತ್ತಿದ್ದ ನಮ್ಮ ಅಜ್ಜಿಗೂ, ತಾಲೀಮಿನ ಪರದೆ ನೋಡಿ ಮಗಳ ಪಟ್ಟಿಯ ಮೊದಲ ಎಂಟು ಸಾಲುಗಳನ್ನು ಅಳಿಸಿದ ಎಂಜಿನಿಯರ್ ಶಿಷ್ಯನಿಗೂ ನನಗೆ ಹೆಚ್ಚಿನ ಅಂತರ ಕಾಣುವುದಿಲ್ಲ. ಅಜ್ಜಿಯಿಂದ ಯಾರಿಗೂ ನಷ್ಟವಾಗಲಿಲ್ಲವೆಂಬುದೊಂದೇ ವ್ಯತ್ಯಾಸ.

ಈಗ ಸ್ವಲ್ಪ ಗಣಿತ. ಪುಸ್ತಕಭಂಡಾರದ ಬಾಗಿಲಲ್ಲಿ ಮಕ್ಕಳನ್ನು ರ‍್ಯಾಂಕಿನ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದ್ದೇವೆಂದು ಭಾವಿಸಿರಿ. ಒಬ್ಬೊಬ್ಬರ ಕೈಯಲ್ಲೂ ಒಂದು ಚೀಟಿ; ಅದರಲ್ಲಿ ಬೇಕಾದ ಪುಸ್ತಕಗಳ ಹೆಸರು ಇಷ್ಟದ ಕ್ರಮದಲ್ಲಿ. ನಿಮ್ಮ ಸರದಿ ಬಂದಾಗ ಭಂಡಾರಿ ಚೀಟಿಯ ಮೊದಲ ಹೆಸರು ನೋಡುತ್ತಾನೆ. ಆ ಪುಸ್ತಕ ಹೋಗಿಬಿಟ್ಟಿದೆಯೇ? ಎರಡನೆಯದನ್ನು ನೋಡುತ್ತಾನೆ. ಅದೂ ಇಲ್ಲವೇ? ಮೂರನೆಯದು. ಉಳಿದಿರುವವುಗಳಲ್ಲಿ ನಿಮ್ಮ ಚೀಟಿಯಲ್ಲಿ ಎಲ್ಲಕ್ಕಿಂತ ಮೇಲಿರುವುದನ್ನು ಕೊಡುತ್ತಾನೆ. ಸಿಗದ ಪುಸ್ತಕವನ್ನು ಮೊದಲಿಗೆ ಬರೆದಿರೆಂದು ಅವನು ನಿಮ್ಮನ್ನು ಸಾಲಿನ ಹಿಂದಕ್ಕೆ ತಳ್ಳುವುದಿಲ್ಲ; ನಿಮ್ಮ ಹಿಂದಿನವನು ನಿಮ್ಮ ಹತ್ತನೆಯ ಪುಸ್ತಕವನ್ನು ಆ ನಡುವೆ ಕಸಿದುಕೊಳ್ಳಲಾರ. ಮೀಸಲಾತಿಯ ವರ್ಗಗಳು ಸೇರಿದಾಗ ಸಾಲುಗಳು ಹಲವಾಗುತ್ತವೆ, ತತ್ತ್ವ ಬದಲಾಗುವುದಿಲ್ಲ.

ಇದರಿಂದ ಏನು ಸಿದ್ಧವಾಯಿತು? ಮೇಲಿನ ಸಾಲಿನಲ್ಲಿ ದೊಡ್ಡ ಕಾಲೇಜಿನ ಹೆಸರಿದ್ದರೆ ಕೆಳಗಿನ ಸಾಲಿನ ಕಾಲೇಜು ತಪ್ಪಿಹೋಗುತ್ತದೆಂಬ ಭಯಕ್ಕೆ ಆಧಾರವೇ ಇಲ್ಲ. ಆದರೂ ಅಣಕು ಹಂಚಿಕೆಯಲ್ಲಿ ಕಂಡದ್ದನ್ನು "ಕೈಯಲ್ಲಿರುವ ಹಕ್ಕಿ" ಎಂದು ತಿಳಿದು, ಅದಕ್ಕಿಂತ ಮೇಲಿನವನ್ನೆಲ್ಲ ಅಳಿಸುವವರು ಎಷ್ಟು ಮಂದಿ! ಕೈಯಲ್ಲಿ ಹಕ್ಕಿಯೇ ಇಲ್ಲ. ಇರುವುದು ಹಕ್ಕಿಯ ಚಿತ್ರ. ಮಾಡಬಾರದ ಕೆಲಸಗಳು ಬೇರೆ ಇವೆ. ಪಟ್ಟಿ ತೀರ ಗಿಡ್ಡವಾಗಿದ್ದರೆ ಬರಿಗೈಯಾಗಬಹುದು. ನೆರೆಮನೆಯವರ ಮೆಚ್ಚುಗೆಗಾಗಿ ಮಗುವಿಗೆ ಬೇಡದ ಕೋರ್ಸನ್ನು ಮೇಲೆ ಬರೆದರೆ ಅದೇ ಬಂದು ಕುಳಿತುಕೊಳ್ಳಬಹುದು.

ಮೇಲೆ ಹೇಳಿದ ಎಂಟು ಸಾಲುಗಳ ಕಥೆ ಕಲ್ಪಿತವಲ್ಲ. ಹುಡುಗಿ ಭದ್ರಾವತಿಯ ಪೇಪರ್ ಟೌನಿನ ಕಡೆಯವಳು. ಎಲೆಕ್ಟ್ರಾನಿಕ್ಸ್ ಓದಬೇಕೆಂಬ ಹಂಬಲ. ತಾನೇ ಕುಳಿತು ಮೂವತ್ತಕ್ಕೂ ಹೆಚ್ಚು ಸಾಲುಗಳ ಪಟ್ಟಿ ಮಾಡಿದ್ದಳು. ಅಣಕು ಹಂಚಿಕೆಯಲ್ಲಿ ಒಂಬತ್ತನೆಯದು ಬಂತು. ತಂದೆ ಮೇಲಿನ ಎಂಟನ್ನೂ ತೆಗೆದ. "ಸಿಕ್ಕಿದ್ದು ಉಳಿದರೆ ಸಾಕು ಸಾರ್" ಎಂದ. ನಿಜವಾದ ಸುತ್ತಿನಲ್ಲಿ ಅವಳ ಮೂಲ ಪಟ್ಟಿಯ ಆರನೆಯ ಸೀಟು, ಅದೇ ವರ್ಗದಲ್ಲಿ ಅವಳಿಗಿಂತ ಕೆಳಗಿನ ರ‍್ಯಾಂಕಿನವರಿಗೆ ದೊರೆಯಿತು. ಎರಡನೆಯ ಸುತ್ತಿಗೆ ಹೋಗೋಣವೆಂದರೆ, ಒಮ್ಮೆ ಅಳಿಸಿದ್ದನ್ನು ಆಮೇಲೆ ಹೊಸದಾಗಿ ಸೇರಿಸಲು ಸಾಮಾನ್ಯವಾಗಿ ಎಡೆಯಿರುವುದಿಲ್ಲ. ಹುಡುಗಿ ಅಳಲಿಲ್ಲವಂತೆ. ಅಪ್ಪನನ್ನು ಒಂದೇ ಪ್ರಶ್ನೆ ಕೇಳಿದಳಂತೆ: "ನನ್ನನ್ನು ಏಕೆ ಕೇಳಲಿಲ್ಲ?"

ತಾಲೀಮಿಗೂ ಪ್ರದರ್ಶನಕ್ಕೂ ಇಷ್ಟು ಅಂತರವೇಕೆ? ಅಣಕು ಪಟ್ಟಿ ಹೊರಬಿದ್ದೊಡನೆ ಪಟ್ಟಿ ತಿದ್ದುವವರು ನೀವೊಬ್ಬರೇ ಅಲ್ಲ, ರಾಜ್ಯದ ಉದ್ದಗಲಕ್ಕೂ ಸಾವಿರಾರು ಮನೆಗಳು. ಸುರತ್ಕಲ್ಲಿನ ಎನ್‌ಐಟಿಗೋ ಐಐಟಿಗೋ ಹೋಗುವವರು, ನೀಟ್ ಮೂಲಕ ವೈದ್ಯಕೀಯಕ್ಕೆ ಸರಿಯುವವರು, ಕಾಮೆಡ್‌ಕೆ ಹಿಡಿಯುವವರು ನಡುನಡುವೆ ಸಾಲು ಬಿಟ್ಟು ಹೊರಡುತ್ತಾರೆ. ಹಂಚಬೇಕಾದ ಸೀಟುಗಳ ಸಂಖ್ಯೆಯೂ ಒಮ್ಮೊಮ್ಮೆ ಬದಲಾಗುತ್ತದೆ. ಫಲಿತಾಂಶವೆಂಬುದೇ ಅಲುಗಾಡುವ ಕಾಲವಿದು: 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನವೆಂದು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಅದೇ ವರ್ಷ ಜೂನ್ 4ರಂದು ಬಂದ ನೀಟ್ ಫಲಿತಾಂಶದಲ್ಲಿ 720ಕ್ಕೆ 720 ಪಡೆದವರು 67 ಮಂದಿ. ಪರಿಷ್ಕೃತ ಪಟ್ಟಿ ಬರುವ ಹೊತ್ತಿಗೆ ಅವರು 17 ಮಂದಿಯಾದರು. ಪ್ರಕಟವಾದ ಫಲಿತಾಂಶದ ಪಾಡೇ ಹೀಗಿರುವಾಗ ತಾಲೀಮಿನ ಪರದೆಯನ್ನು ಬ್ರಹ್ಮಲಿಪಿಯೆಂದು ತಿಳಿಯುವುದೇ?

ಹಾಗಾದರೆ ಅದು ನಿಷ್ಪ್ರಯೋಜಕವೇ ಎಂದು ಕೇಳುವಿರಿ. ಖಂಡಿತ ಅಲ್ಲ. ಅಚ್ಚಿಗೆ ಹೋಗುವ ಪ್ರಶ್ನೆಪತ್ರಿಕೆಯ ಕರಡನ್ನು ನೋಡುತ್ತಿದ್ದೆವಲ್ಲ, ಅದು ಅಂಥದು. ಕೋರ್ಸಿನ ಸಂಕೇತ ತಪ್ಪಿ ಸಿವಿಲ್ ಬದಲು ಇನ್ನೇನೋ ಬಿದ್ದಿದೆಯೇ, ವರ್ಗ ಸರಿಯಾಗಿ ನಮೂದಾಗಿದೆಯೇ ಎಂದು ನೋಡಿರಿ. ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮದ್ದು ಶೇ. 5, ತೀರ್ಥಹಳ್ಳಿ, ಹೊಸನಗರಗಳ ಶಾಲೆಯಲ್ಲಿ ಓದಿದ ಮಕ್ಕಳಿಗೆ ಇವು ಚಿಕ್ಕ ಸಂಗತಿಗಳಲ್ಲ. ಈ ತಪ್ಪುಗಳನ್ನು ಹುಡುಕಬೇಕಾದ ಗಳಿಗೆಯಲ್ಲಿ ನಮ್ಮವರು ಶಕುನ ಹುಡುಕುತ್ತಾರೆ.

ಶಕುನ ಕೇಳುವವರಿದ್ದಲ್ಲಿ ಕಣಿ ಹೇಳುವವರು ಹುಟ್ಟದಿರುತ್ತಾರೆಯೇ? ಹೋದ ವರ್ಷದ ಕೊನೆಯ ರ‍್ಯಾಂಕುಗಳನ್ನು ಮುಂದಿಟ್ಟುಕೊಂಡು, ಹಣ ಪಡೆದು, "ನಿಮಗೆ ಇಂಥದೇ ಬರುತ್ತದೆ" ಎಂದು ಪಟ್ಟಿ ಬರೆದುಕೊಡುವವರು ಈಗ ನಮ್ಮೂರಿನಲ್ಲೂ ಇದ್ದಾರೆ. ಆ ರ‍್ಯಾಂಕುಗಳು ಪ್ರಾಧಿಕಾರದ ಜಾಲತಾಣದಲ್ಲಿ ಯಾರಿಗಾದರೂ ಉಚಿತವಾಗಿ ದೊರೆಯುತ್ತವೆ. ನಿಮ್ಮ ಮಗುವಿನ ಗುಪ್ತಸಂಕೇತವನ್ನು ಮಾತ್ರ ಯಾರಿಗೂ ಕೊಡಬೇಡಿರಿ. 2024ರ ಕೊನೆಯಲ್ಲಿ ಸೀಟ್ ಬ್ಲಾಕಿಂಗ್ ಪ್ರಕರಣವು ಪೊಲೀಸರವರೆಗೆ ಹೋಗಿ ಬಂಧನಗಳಾದುದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ.

ಹಿಂದಿನ ಕಾಲವೇ ಚೆನ್ನಾಗಿತ್ತೆಂದು ಹೇಳುವ ಮುದುಕ ನಾನಲ್ಲ. ಸಿಇಟಿಗೆ ಮುನ್ನಿನ ದಿನಗಳಲ್ಲಿ ಖಾಸಗಿ ಕಾಲೇಜಿನ ಬಾಗಿಲು ಥೈಲಿಗೆ ತೆರೆಯುತ್ತಿತ್ತು. 1993ರ ಉನ್ನಿಕೃಷ್ಣನ್ ಪ್ರಕರಣದ ತೀರ್ಪಿನ ಬಳಿಕ, 1994ರಲ್ಲಿ ಸಿಇಟಿ ಘಟಕ ಆರಂಭವಾದ ಮೇಲೆ ಬಡ ಮೇಷ್ಟರ, ಗುಮಾಸ್ತರ ಮಕ್ಕಳೂ ರ‍್ಯಾಂಕಿನ ಬಲದಿಂದ ಒಳಹೋದರು. ಆಗ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಬೇಕಿತ್ತು. ಪರದೆಯ ಮೇಲೆ ಸೀಟುಗಳು ಕರಗುವುದನ್ನು ಕಣ್ಣಾರೆ ಕಾಣುತ್ತ, ನಿಮ್ಮ ಸರದಿಯಲ್ಲಿ ಕೆಲವೇ ನಿಮಿಷಗಳಲ್ಲಿ ತೀರ್ಮಾನಿಸಬೇಕಿತ್ತು. ಕಷ್ಟವಿತ್ತು, ಖರ್ಚಿತ್ತು, ಆದರೆ ಸಂಜೆಗೆ ಎಲ್ಲ ಮುಗಿದಿರುತ್ತಿತ್ತು. ಈಗ ಮನೆಯಲ್ಲೇ ಕುಳಿತು ಮಾಡಬಹುದಾದ ಕೆಲಸವು ಏಪ್ರಿಲ್‌ನಿಂದ ಆಗಸ್ಟ್‌ವರೆಗೆ, ಕೆಲವು ವರ್ಷ ಅದರಾಚೆಗೂ, ಮನೆಯನ್ನೇ ತಿನ್ನುತ್ತದೆ.

ಭದ್ರಾವತಿಯವರ ಭಯವನ್ನು ಮಾತ್ರ ನಾನು ಹಗುರವಾಗಿ ಕಾಣಲಾರೆ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಎರಡು ಮೂರು ತಲೆಮಾರು ಸೈರನ್ನಿಗೆ ಎದ್ದು ಸೈರನ್ನಿಗೆ ಮಲಗಿದ ಊರದು. ಎಸ್‌ಎಸ್‌ಎಲ್‌ಸಿಯಲ್ಲಿ ಸಾಧಾರಣವಾಗಿ ಪಾಸಾದ ಹುಡುಗನಿಗೂ ಐಟಿಐ, ಡಿಪ್ಲೊಮಾ, ಅಪ್ರೆಂಟಿಸ್ ಎಂಬ ಮೆಟ್ಟಿಲುಗಳಿದ್ದವು. ಅಂಚೆಯವನಿಗಾಗಿ ಆಗಲೂ ಕಾಯುತ್ತಿದ್ದರು, ಆದರೆ ಈ ಪತ್ರ ಬರದಿದ್ದರೆ ಇನ್ನೊಂದು ಬಂದೀತೆಂಬ ನೆಚ್ಚಿಕೆಯಿತ್ತು. ಕಾಗದದ ಕಾರ್ಖಾನೆಯ ಯಂತ್ರಗಳು ಕಳೆದ ದಶಕದಲ್ಲಿ ನಿಂತವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರವಾಗಿ ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಅದೇ ವರ್ಷ ಕೆಲವು ಭಾಗ ಮತ್ತೆ ಚಲಿಸಿತೆನ್ನುವುದು ನಿಜ, ಆದರೆ ಆ ನೆಚ್ಚಿಕೆ ಮರಳಲಿಲ್ಲ. ಅಪ್ಪನ ಕಾರ್ಖಾನೆ ನಿಲ್ಲುವುದನ್ನು ಕಂಡ ಮನೆಗೆ ಮಗಳ ಸೀಟೇ ಹೊಸ ಕಾರ್ಖಾನೆ. ಆ ತಂದೆ ಎಂಟು ಸಾಲು ಅಳಿಸಿದ್ದು ದಡ್ಡತನದಿಂದಲ್ಲ, ಈ ಭಯದಿಂದ. ಅದು ನನಗೆ ಅರ್ಥವಾಗುತ್ತದೆ. ಆದರೆ ಅಪ್ಪನ ಭಯಕ್ಕೆ ಮಗಳು ಸುಂಕ ಕಟ್ಟಬೇಕೇ?

ಶಿವಮೊಗ್ಗದವರಿಗೆ ಈ ಸಮಾಧಾನವನ್ನೂ ಹೇಳಲಾರೆ. ಅಣಕು ಪಟ್ಟಿಯಲ್ಲಿ ನವುಲೆಯ ಜೆಎನ್‌ಎನ್ ಕಾಲೇಜು ತೋರಿಸಿತೆಂದು ಸೂತಕದ ಮೋರೆ ಹಾಕುವ ಮನೆಗಳಿವೆ. 1980ರಲ್ಲಿ ಆ ಕಾಲೇಜು ಆರಂಭವಾದಾಗ ಊರಿಗೆ ಎಂಜಿನಿಯರಿಂಗ್ ಬಂತೆಂದು ನಾವು ಎಷ್ಟು ಹಿಗ್ಗಿದ್ದೆವು! ಸಹ್ಯಾದ್ರಿ ಕಾಲೇಜಿನ ಬಿ.ಎಸ್‌ಸಿ.ಯ ಹೆಸರೆತ್ತಿದರಂತೂ "ಏಕೆ, ಸೀಟು ಬರಲಿಲ್ಲವೇ?" ಎಂದು ಕೇಳುತ್ತಾರೆ. ಮೂರು ಮೈಲಿಯಾಚೆಯ ಕಾಲೇಜು ಅವಮಾನ, ಮುನ್ನೂರು ಕಿಲೋಮೀಟರಿನಾಚೆಯದು ಗೌರವ ಎಂಬ ಲೆಕ್ಕವನ್ನು ನಾನು ಯಾವ ತರಗತಿಯಲ್ಲೂ ಕಲಿಸಿಲ್ಲ.

ಅಮೆರಿಕದ ನೆಂಟರು ನಗುವುದು ಬೇಡ. ಅಲ್ಲಿನ ಐವಿ ಲೀಗಿನ ಎಂಟು ವಿದ್ಯಾಲಯಗಳು ಮಾರ್ಚ್ ಕೊನೆಯ ತೀರ್ಮಾನಕ್ಕೆ ಮುನ್ನವೇ ಆಯ್ದ ಕೆಲವರಿಗೆ, ಮುಖ್ಯವಾಗಿ ಕ್ರೀಡಾಪಟುಗಳಿಗೆ, "ನೀವು ಆಯ್ಕೆಯಾಗುವ ಸಂಭವವಿದೆ" ಎಂಬ ಪತ್ರ ಬರೆಯುತ್ತವೆ. ಅದನ್ನು ಲೈಕ್ಲಿ ಲೆಟರ್ ಎನ್ನುತ್ತಾರೆ. ಅದು ಬಾರದ ಮನೆಯಲ್ಲಿ ಮೌನವನ್ನೇ ನಿರಾಕರಣೆಯೆಂದು ಓದುತ್ತಾರೆ. ಹಾಗೆ ಓದಲು ಕಾರಣವಿಲ್ಲ, ಪ್ರವೇಶ ಪಡೆಯುವ ಬಹುಪಾಲು ಮಕ್ಕಳಿಗೆ ಆ ಪತ್ರ ಬಂದೇ ಇರುವುದಿಲ್ಲ. ನಮ್ಮ ಪ್ರಾಧಿಕಾರವು ತಾಲೀಮನ್ನಾದರೂ ಎಲ್ಲರಿಗೂ ಒಂದೇ ದಿನ ತೋರಿಸುತ್ತದೆ. ಈ ವಿಷಯದಲ್ಲಿ ಮಲ್ಲೇಶ್ವರದ ಕಚೇರಿಗೇ ನನ್ನ ಮತ.

ಕಡೆಯದಾಗಿ ಚಿಕ್ಕಪ್ಪ, ಅತ್ತೆ, ಸೋದರಮಾವಂದಿರಿಗೆ. ದಿನಕ್ಕೆ ಮೂರು ಬಾರಿ ವಾಟ್ಸಾಪಿನಲ್ಲಿ "ಏನಾಯ್ತು?" ಎಂದು ಕೇಳುವುದನ್ನು ನಿಲ್ಲಿಸಿರಿ. ಏನಾದರೂ ಆದಾಗ ಆ ಮನೆಯವರೇ ಹೇಳುತ್ತಾರೆ. ಆಗುವವರೆಗೆ ಆ ಹದಿನೆಂಟರ ಮಗು ಊಟದ ತಟ್ಟೆಯ ಮುಂದೆ ನಿಮ್ಮ ಪ್ರಶ್ನೆಯನ್ನೇ ಉಣ್ಣುತ್ತಿರುತ್ತದೆ.

ಪಟ್ಟಿಯ ವಿಷಯವಾಗಿ ಇನ್ನೂ ಅನುಮಾನವಿರುವವರು ವಿನೋಬನಗರದ ಮನೆಗೆ ಬರಬಹುದು. ಮಗುವನ್ನು ಜೊತೆಗೆ ಕರೆತನ್ನಿರಿ, ಪಟ್ಟಿ ಅದರ ಕೈಬರಹದಲ್ಲೇ ಇರಲಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಾನು ಮಲಗಿರುತ್ತೇನೆ.